ಆಫೀಸ್ ಮೆಟ್ಟಿಲ ಮೇಲೊಂದು ಕೊಲೆ

ಶೆರ್ಲಾಕ್ ಹೋಮ್ಸ್ ಯಾರು ಅಂತ ಯಾರಿಗೂ ಹೇಳಬೇಕಿಲ್ಲ. ಅಗಾಥಾ ಕ್ರಿಸ್ಟಿ ಅಂದ ತಕ್ಷಣ ಮೀಸೆ ತೀಡುವ ಪ್ವಾರೋ ಕಣ್ಣಮುಂದೆ ಬರ್ತಾನೆ. ಡೊರೊತಿ ಎಲ್. ಸೇಯರ್ಸ್ ಅಂದ್ರೆ? ನಮ್ಮಲ್ಲಿ ಹೆಚ್ಚಿನವರು "ಯಾರದು?" ಅಂತಾರೆ. ಆದರೆ 1920–30ರ ದಶಕದ ಇಂಗ್ಲೆಂಡಿನಲ್ಲಿ ಕ್ರಿಸ್ಟಿಯ ಪಕ್ಕದಲ್ಲೇ, ಸರಿಸಮನಾಗಿ ಕೂತಿದ್ದ ಹೆಸರು ಅದು.

ಈ ವಾರ ಆಕೆಯ ಬಗ್ಗೆ ಬರೆಯೋಕೆ ಒಂದು ಕಾರಣ ಇದೆ. ಪತ್ತೇದಾರಿ ಕಾದಂಬರಿ ಬರೆದವರಲ್ಲಿ ನಮ್ಮಂಥವರಿಗೆ, ಅಂದರೆ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಓಡಾಡುವ ಜನಕ್ಕೆ, ತೀರಾ ಹತ್ತಿರದವಳು ಈಕೆ. ಆಕೆಗೂ ಒಂದು ಆಫೀಸಿತ್ತು. ಬಾಸ್ ಇದ್ದ, ಕ್ಲೈಂಟ್ ಇದ್ದರು, ಡೆಡ್‌ಲೈನ್ ಇತ್ತು. ಹಗಲು ಸಾಸಿವೆ ಪುಡಿಗೆ ಜಾಹೀರಾತು ಬರೆದು, ಉಳಿದ ಹೊತ್ತಲ್ಲಿ ಕೊಲೆಗಾರರನ್ನು ಹುಡುಕುತ್ತಿದ್ದಳು. ಜೊತೆಗೆ ಆ ಆಫೀಸಿನಲ್ಲಿ ಯಾರಿಗೂ ಗೊತ್ತಾಗದಂತೆ, ಮನೆಯವರಿಗೂ ಗೊತ್ತಾಗದಂತೆ, ಒಂದು ಗುಟ್ಟನ್ನು ಜೀವನಪೂರ್ತಿ ಕಾಪಾಡಿಕೊಂಡಳು. ಅದಕ್ಕೆ ಆಮೇಲೆ ಬರೋಣ.

ಫಸ್ಟ್ ಕ್ಲಾಸ್ ಬಂತು, ಪದವಿ ಬರಲಿಲ್ಲ

ಡೊರೊತಿ ಹುಟ್ಟಿದ್ದು 1893ರ ಜೂನ್ 13ರಂದು, ಆಕ್ಸ್‌ಫರ್ಡ್‌ನಲ್ಲಿ. ಅಪ್ಪ ಪಾದ್ರಿ. ಅಲ್ಲಿನ ಕ್ರೈಸ್ಟ್ ಚರ್ಚ್ ಕೆಥೆಡ್ರಲಿನಲ್ಲಿ ಹಾಡುವ ಹುಡುಗರ ಶಾಲೆಗೆ ಹೆಡ್‌ಮಾಸ್ಟರ್ ಆಗಿದ್ದ. ಮಗಳು ಇನ್ನೂ ಪುಟ್ಟವಳಿದ್ದಾಗಲೇ ಸಂಸಾರ ಪೂರ್ವ ಇಂಗ್ಲೆಂಡಿನ ಫೆನ್ಸ್ ಅನ್ನುವ ಜೌಗು ಸೀಮೆಯ ಬ್ಲಂಟಿಶಮ್ ಹಳ್ಳಿಗೆ ಹೋಯಿತು. ಒಬ್ಬಳೇ ಮಗಳು. ಆಡೋಕೆ ಜೊತೆಗೆ ಮಕ್ಕಳಿಲ್ಲ. ಅಪ್ಪ ಕೂರಿಸಿಕೊಂಡು ಲ್ಯಾಟಿನ್ ಹೇಳಿಕೊಟ್ಟ.

1912ರಲ್ಲಿ ಸ್ಕಾಲರ್‌ಶಿಪ್ ಪಡೆದು ಆಕ್ಸ್‌ಫರ್ಡ್‌ನ ಸಾಮರ್‌ವಿಲ್ ಕಾಲೇಜಿಗೆ ಸೇರಿದಳು. ಅದು ಹೆಣ್ಣುಮಕ್ಕಳ ಕಾಲೇಜು. 1915ರಲ್ಲಿ ಆಧುನಿಕ ಭಾಷೆಗಳಲ್ಲಿ ಫಸ್ಟ್ ಕ್ಲಾಸ್ ಬಂತು. ಪದವಿ ಮಾತ್ರ ಕೊಡಲಿಲ್ಲ. ಯಾಕಂದ್ರೆ ಆಗ ಆಕ್ಸ್‌ಫರ್ಡ್‌ನಲ್ಲಿ ಹೆಂಗಸರು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು, ಗಂಡಸರಿಗಿಂತ ಹೆಚ್ಚು ಅಂಕ ತೆಗೆಯಬಹುದಿತ್ತು, ಆದರೆ ಡಿಗ್ರಿ ಅನ್ನೋದು ಅವರಿಗಿರಲಿಲ್ಲ. ನಿಯಮ ಬದಲಾಗಿದ್ದು 1920ರಲ್ಲಿ. ಆ ವರ್ಷ ಮೊದಲ ಬಾರಿಗೆ ಪದವಿ ಪಡೆದ ಹೆಂಗಸರ ಗುಂಪಿನಲ್ಲಿ ಡೊರೊತಿಯೂ ಇದ್ದಳು. ಕೇಂಬ್ರಿಜ್ ಇಷ್ಟು ಮಾಡೋಕೆ 1948ರ ತನಕ ಕಾಯಿಸಿತು.

ಓದು ಮುಗಿದ ಮೇಲೆ ಏನು? ಹಲ್ ಊರಿನಲ್ಲಿ ಟೀಚರ್ ಆದಳು, ಆಕ್ಸ್‌ಫರ್ಡ್‌ನಲ್ಲಿ ಪ್ರಕಾಶಕರ ಹತ್ತಿರ ಕೆಲಸ ಮಾಡಿದಳು, ಫ್ರಾನ್ಸಿನ ಒಂದು ಶಾಲೆಗೂ ಹೋಗಿಬಂದಳು. ಯಾವುದೂ ನೆಲೆ ನಿಲ್ಲಲಿಲ್ಲ. ಕೊನೆಗೆ ಲಂಡನ್ನಿನಲ್ಲಿ ಬಾಡಿಗೆ ರೂಮು. ಮೂವತ್ತರ ಹತ್ತಿರ ಬಂದ ಮಗಳಿಗೆ ಅಪ್ಪ ಇನ್ನೂ ದುಡ್ಡು ಕಳಿಸಬೇಕಾದ ಪರಿಸ್ಥಿತಿ.

ಬಸ್ ಚಾರ್ಜಿಗೆ ಕಾಸಿಲ್ಲ, ಹೀರೋಗೆ ಡೈಮ್ಲರ್ ಕಾರು

ಆ ಬಾಡಿಗೆ ರೂಮಿನಲ್ಲಿ ಹುಟ್ಟಿದವನು ಲಾರ್ಡ್ ಪೀಟರ್ ವಿಮ್ಸಿ. ಡ್ಯೂಕ್ ಮನೆತನದ ಎರಡನೇ ಮಗ, ಕಣ್ಣಿಗೆ ಒಂಟಿ ಗಾಜಿನ ಕನ್ನಡಕ, ಹಳೇ ಪುಸ್ತಕ ಕೊಳ್ಳುವ ಹುಚ್ಚು, ಪಿಕಾಡಿಲಿಯಲ್ಲಿ ಫ್ಲ್ಯಾಟು, ಕಾಫಿ ಮಾಡಿಕೊಡುವುದರಿಂದ ಹಿಡಿದು ಫಿಂಗರ್‌ಪ್ರಿಂಟಿನ ಫೋಟೋ ತೆಗೆಯುವ ತನಕ ಎಲ್ಲ ನೋಡಿಕೊಳ್ಳುವ ಬಂಟರ್ ಅನ್ನುವ ಸೇವಕ. ಕೊಲೆ ಪತ್ತೆ ಅವನಿಗೆ ಹೊಟ್ಟೆಪಾಡಲ್ಲ, ಹವ್ಯಾಸ.

ಇಷ್ಟು ಶ್ರೀಮಂತಿಕೆ ಯಾಕೆ ಕೊಟ್ಟೆ ಅನ್ನೋದಕ್ಕೆ ಡೊರೊತಿಯೇ ಮುಂದೆ ತಮಾಷೆಯಾಗಿ ಉತ್ತರ ಕೊಟ್ಟಿದ್ದಳು. ನನ್ನ ರೂಮಿನ ಬಗ್ಗೆ ಬೇಜಾರಾದಾಗ ಅವನಿಗೆ ಒಳ್ಳೇ ಫ್ಲ್ಯಾಟ್ ಹಿಡಿದುಕೊಟ್ಟೆ, ನನ್ನ ಹಳೇ ಕಂಬಳಿ ತೂತಾದಾಗ ಅವನಿಗೆ ರತ್ನಗಂಬಳಿ ತರಿಸಿದೆ, ನನ್ನ ಹತ್ತಿರ ಬಸ್ಸಿಗೆ ಕಾಸಿಲ್ಲದಾಗ ಅವನಿಗೆ ಡೈಮ್ಲರ್ ಕಾರು ಕೊಡಿಸಿದೆ, ಕಾಸು ಖರ್ಚಾಗಲಿಲ್ಲ ಅನ್ನುವ ಅರ್ಥದಲ್ಲಿ. ತಿಂಗಳ ಕೊನೆಯಲ್ಲಿ ಆನ್‌ಲೈನ್ ಕಾರ್ಟಿಗೆ ಏನೇನೋ ಸೇರಿಸಿ, ಕೊಳ್ಳದೆ ಫೋನ್ ಕೆಳಗಿಡುವ ಜನಕ್ಕೆ ಈ ಮನಸ್ಸು ಅರ್ಥ ಆಗುತ್ತೆ.

ಆದರೆ ವಿಮ್ಸಿ ಬರೀ ಷೋಕಿಯವನಲ್ಲ. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಯಾಗಿದ್ದವನು. ಬಾಂಬಿನ ಅಬ್ಬರ ತಲೆಯೊಳಗೆ ಕೂತುಬಿಟ್ಟಿದೆ. 1923ರ ಮೊದಲ ಕಾದಂಬರಿ 'ಹೂಸ್ ಬಾಡಿ?' ನಗುನಗುತ್ತಾ ಶುರುವಾಗುತ್ತೆ: ಒಬ್ಬನ ಸ್ನಾನದ ತೊಟ್ಟಿಯಲ್ಲಿ ಯಾರದೋ ಹೆಣ, ಮೈಮೇಲೆ ಮೂಗಿಗೆ ಸಿಕ್ಕಿಸುವ ಕನ್ನಡಕ ಬಿಟ್ಟರೆ ಏನೂ ಇಲ್ಲ. ಕೊಲೆಗಾರ ಯಾರು ಅಂತ ಗೊತ್ತಾದ ರಾತ್ರಿ ಮಾತ್ರ ವಿಮ್ಸಿ ಮಲಗಿದಲ್ಲೇ ಯುದ್ಧದ ನಡುವೆ ಹೋಗಿಬಿಡ್ತಾನೆ. ಅವನನ್ನು ಸಮಾಧಾನ ಮಾಡುವವನು ಬಂಟರ್, ಯುದ್ಧದಲ್ಲಿ ಅವನ ಕೈಕೆಳಗಿದ್ದ ಸಾರ್ಜೆಂಟ್. ತಾನು ಹಿಡಿದುಕೊಟ್ಟವನು ನೇಣಿಗೆ ಹೋಗ್ತಾನೆ ಅನ್ನುವ ಲೆಕ್ಕ ಈ ಪತ್ತೇದಾರನನ್ನು ಕೊನೆಯ ತನಕ ಬಿಡಲ್ಲ. 1937ರ 'ಬಸ್‌ಮನ್ಸ್ ಹನಿಮೂನ್' ಮುಗಿಯುವುದೇ ಅಂಥ ಒಂದು ಬೆಳಗಿನ ಜಾವದಲ್ಲಿ. ಕೊಲೆಗಾರ ಸಿಕ್ಕ, ಪುಸ್ತಕ ಮುಚ್ಚಿ ಅನ್ನುವ ಆರಾಮ ಅಲ್ಲಿಲ್ಲ.

ತಲೆಬುರುಡೆಯ ಮೇಲೆ ಪ್ರಮಾಣ

1930ರಲ್ಲಿ ಲಂಡನ್ನಿನ ಪತ್ತೇದಾರಿ ಲೇಖಕರೆಲ್ಲ ಸೇರಿ 'ಡಿಟೆಕ್ಷನ್ ಕ್ಲಬ್' ಕಟ್ಟಿದರು. ಜಿ. ಕೆ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷ. ಕ್ರಿಸ್ಟಿ, ಆಂಟನಿ ಬರ್ಕ್ಲಿ, ಡೊರೊತಿ ಎಲ್ಲರೂ ಸದಸ್ಯರು. ಹೊಸದಾಗಿ ಸೇರುವವರು ಮೇಣದಬತ್ತಿ ಬೆಳಕಿನಲ್ಲಿ, ಎರಿಕ್ ಅಂತ ಹೆಸರಿಟ್ಟಿದ್ದ ಒಂದು ತಲೆಬುರುಡೆಯ ಮುಂದೆ ಪ್ರಮಾಣ ಮಾಡಬೇಕಿತ್ತು. ಆ ವಿಧಿಯನ್ನು ಸಡಗರದಿಂದ ನಡೆಸುತ್ತಿದ್ದವರಲ್ಲಿ ಡೊರೊತಿ ಮುಂದು. 1949ರಿಂದ ಸಾಯುವ ತನಕ ಆಕೆಯೇ ಅಧ್ಯಕ್ಷೆ. ಆಮೇಲೆ ಆ ಕುರ್ಚಿ ಕ್ರಿಸ್ಟಿಗೆ ಹೋಯಿತು.

ಪ್ರಮಾಣ ತಮಾಷೆಯದೇ, ಆದರೆ ಒಳಗಿದ್ದ ಮಾತು ಗಟ್ಟಿ. ಪತ್ತೇದಾರ ತಲೆ ಓಡಿಸಿಯೇ ಉತ್ತರ ಹುಡುಕಬೇಕು. ದೇವರು ಬಂದು ಹೇಳಿದ, ಆಕಸ್ಮಿಕವಾಗಿ ಗೊತ್ತಾಯ್ತು, ಒಳಮನಸ್ಸು ಹೇಳ್ತು ಅನ್ನೋದೆಲ್ಲ ನಡೆಯಲ್ಲ. ಮುಖ್ಯವಾದ ಸುಳಿವನ್ನು ಓದುಗರಿಂದ ಬಚ್ಚಿಡುವಂತಿಲ್ಲ. ಪತ್ತೇದಾರ ಕಂಡದ್ದು ಓದುಗರಿಗೂ ಕಾಣಬೇಕು. ಕಂಡೂ ಹೊಳೆಯದೇ ಹೋದರೆ ಅದು ಓದುಗರ ಪಾಡು.

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಪೂರ್ತಿ ಕಣ್ಣಮುಂದಿದೆ, ಯಾವ ಸಾಲೂ ಅಳಿಸಿಲ್ಲ, ಆದರೂ ಬಗ್ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ಕೊನೆಗೆ ಯಾರೋ ಬಂದು ಆ ಸಾಲಿನ ಮೇಲೆ ಬೆರಳಿಟ್ಟಾಗ "ಅಯ್ಯೋ, ಇದನ್ನ ಮೂರು ಸಲ ಓದಿದ್ನಲ್ಲ!" ಅನಿಸುತ್ತಲ್ಲ, ಆ ಸುಖವೇ ಒಳ್ಳೇ ಪತ್ತೇದಾರಿ ಕಾದಂಬರಿಯ ಸುಖ.

ಜಾಹೀರಾತು ಕಂಪನಿಯಲ್ಲಿ ಕೊಲೆ

1922ರಲ್ಲಿ ಡೊರೊತಿಗೆ ಎಸ್. ಎಚ್. ಬೆನ್ಸನ್ ಅನ್ನುವ ಜಾಹೀರಾತು ಕಂಪನಿಯಲ್ಲಿ ಕಾಪಿರೈಟರ್ ಕೆಲಸ ಸಿಕ್ಕಿತು. ಆ ದಶಕ ಮುಗಿಯುವ ತನಕ ಅಲ್ಲೇ ಇದ್ದಳು, ಖುಷಿಯಾಗಿಯೂ ಇದ್ದಳು. 1926ರಲ್ಲಿ ಕೋಲ್ಮನ್ಸ್ ಸಾಸಿವೆಗಾಗಿ ಆ ಕಂಪನಿ 'ಮಸ್ಟರ್ಡ್ ಕ್ಲಬ್' ಅನ್ನುವ ಇಲ್ಲದ ಒಂದು ಸಂಘವನ್ನೇ ಸೃಷ್ಟಿಸಿತು. ಅದಕ್ಕೆ ಬ್ಯಾರನ್ ಡಿ ಬೀಫ್ ಥರದ ಹೆಸರಿನ ಪದಾಧಿಕಾರಿಗಳು, ನಿಯಮಾವಳಿ, ಬ್ಯಾಡ್ಜು. ಜನ ಮುಗಿಬಿದ್ದು ಸದಸ್ಯರಾದರು. ಇವತ್ತು ವೈರಲ್ ಕ್ಯಾಂಪೇನ್ ಅಂತೀವಲ್ಲ, ಅದೇ. ಅದರ ಹಿಂದಿದ್ದ ತಲೆಗಳಲ್ಲಿ ಡೊರೊತಿಯದೂ ಒಂದು.

ಈ ಆಫೀಸೇ 1933ರ 'ಮರ್ಡರ್ ಮಸ್ಟ್ ಅಡ್ವರ್ಟೈಸ್' ಆಯಿತು. ಪಿಮ್ಸ್ ಪಬ್ಲಿಸಿಟಿ ಅನ್ನುವ ಕಂಪನಿಯಲ್ಲಿ ವಿಕ್ಟರ್ ಡೀನ್ ಎಂಬ ಹುಡುಗ ಸುರುಳಿ ಕಬ್ಬಿಣದ ಮೆಟ್ಟಿಲಿಂದ ಬಿದ್ದು ಸಾಯ್ತಾನೆ. ಎಲ್ಲರೂ ಅಪಘಾತ ಅಂತಾರೆ. ಅವನ ಖಾಲಿ ಮೇಜಿಗೆ ಬ್ರೆಡನ್ ಅನ್ನುವ ಹೊಸ ಹುಡುಗ ಬರ್ತಾನೆ. ವಾರಕ್ಕೆ 4 ಪೌಂಡ್ ಸಂಬಳ. ಆ ಬ್ರೆಡನ್ನೇ ನಮ್ಮ ವಿಮ್ಸಿ, ವೇಷ ಮರೆಸಿಕೊಂಡು ಬಂದವನು.

ಈ ಕಾದಂಬರಿಯಲ್ಲಿ ಕೊಲೆಗಿಂತ ಆಫೀಸೇ ಚೆನ್ನಾಗಿದೆ ಅಂದರೆ ತಪ್ಪಲ್ಲ. ಟೀ ತರುವ ಹುಡುಗರು, ಎಲ್ಲರ ಸುದ್ದಿ ಎಲ್ಲರಿಗೂ ಮುಟ್ಟಿಸುವ ಟೈಪಿಸ್ಟರು, ಒಬ್ಬರ ಐಡಿಯಾವನ್ನು ಇನ್ನೊಬ್ಬರು ತಮ್ಮದೆನ್ನುವುದು, ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ಹೆಡ್‌ಲೈನಿಗೆ ಅಶ್ಲೀಲ ಅರ್ಥವೂ ಇದೆ ಅಂತ ಯಾರಿಗೋ ಹೊಳೆದು ಎಲ್ಲರೂ ತಲೆ ಮೇಲೆ ಕೈ ಹೊತ್ತು ಓಡಾಡುವುದು. ತೊಂಬತ್ತು ವರ್ಷ ಹಳೆಯದು ಅನಿಸೋದೇ ಇಲ್ಲ. ರಿಲೀಸ್ ದಿನದ ಸಂಜೆ ಆರು ಗಂಟೆಗೆ ಕ್ಲೈಂಟ್ ಕಡೆಯಿಂದ ಬರುವ "ಒಂದು ಚಿಕ್ಕ ಬದಲಾವಣೆ" ಎಂಬ ಮೇಲ್ ನೋಡಿದವರು ಆ ಅಧ್ಯಾಯ ಓದಿ ನಗದೇ ಇರಲ್ಲ.

ಒಂದು ಕ್ರಿಕೆಟ್ ಮ್ಯಾಚೂ ಇದೆ. ಪಿಮ್ಸ್ ಆಫೀಸಿನ ತಂಡಕ್ಕೂ ಒಂದು ಕ್ಲೈಂಟ್ ಕಂಪನಿಗೂ. ವಿಮ್ಸಿ ವೇಷ ಬಯಲಾಗದಂತೆ ಪಾಪದವನ ಹಾಗೆ ಬ್ಯಾಟ್ ಮಾಡ್ತಿರ್ತಾನೆ. ಅಷ್ಟರಲ್ಲಿ ಒಂದು ಚೆಂಡು ಮೊಣಕೈಗೆ ರಪ್ಪನೆ ಬಡಿಯುತ್ತೆ. ಸಿಟ್ಟು ನೆತ್ತಿಗೇರುತ್ತೆ, ಆಮೇಲೆ ಬರೀ ಬೌಂಡರಿ. ನೋಡುತ್ತಾ ಕೂತಿದ್ದ ಎದುರು ಕಂಪನಿಯ ಮುದುಕ ಯಜಮಾನನಿಗೆ ಈ ಹೊಡೆತ ಎಲ್ಲೋ ನೋಡಿದಂತಿದೆಯಲ್ಲ ಅನಿಸುತ್ತೆ. ಹಿಂದೆ ಲಾರ್ಡ್ಸ್ ಮೈದಾನದಲ್ಲಿ ಆಕ್ಸ್‌ಫರ್ಡ್ ಪರ ಆಡಿದ್ದ ವಿಮ್ಸಿ ಅಲ್ವಾ ಇವನು? ಮುಖಕ್ಕೆ ವೇಷ ಹಾಕಬಹುದು, ಬ್ಯಾಟಿಂಗಿಗೆ ಹಾಕೋಕಾಗಲ್ಲ.

ನಗುವಿನ ಅಡಿಯಲ್ಲಿ ಕಹಿಯೂ ಇದೆ. ಕಥೆಯೊಳಗೆ ಕೊಕೇನ್ ಮಾರುವ ಒಂದು ಜಾಲ ಇದೆ. ಅವರು ತಮ್ಮ ಗುಪ್ತ ಸಂದೇಶ ಕಳಿಸೋದು ಇದೇ ಕಂಪನಿಯ ಮುಗ್ಧ ಜಾಹೀರಾತಿನ ಮೂಲಕ. ಇಲ್ಲಿ ಡೊರೊತಿ ಒಂದು ಪ್ರಶ್ನೆಯನ್ನು ಮೆಲ್ಲಗೆ ಇಟ್ಟುಬಿಡ್ತಾಳೆ. ಕೈಯಲ್ಲಿ ಕಾಸಿಲ್ಲದವರಿಗೆ ದಿನಾ ಬೆಳಿಗ್ಗೆ ಹೊಸ ಆಸೆ ಹುಟ್ಟಿಸೋದು ನಮ್ಮ ಕಸುಬು, ಅಮಲು ಮಾರೋದು ಅವರ ಕಸುಬು. ಎರಡರ ನಡುವಿನ ಗೆರೆ ಎಲ್ಲಿದೆ? ಆ ಕೆಲಸದಿಂದಲೇ ಅನ್ನ ತಿಂದವಳು ಕೇಳಿದ ಪ್ರಶ್ನೆ ಇದು. ರಾತ್ರಿ ಹನ್ನೊಂದಕ್ಕೆ ಜನ ಮತ್ತೊಮ್ಮೆ ಆ್ಯಪ್ ತೆರೆಯುವಂತೆ ನೋಟಿಫಿಕೇಶನ್ ಬರೆಯುವ ನಮ್ಮ ಕಾಲದವರಿಗೂ ಅದು ಬಿಟ್ಟಿದ್ದಲ್ಲ.

ಬೇರೆಯವರ ಮಗು

ಈಗ ಆ ಗುಟ್ಟಿಗೆ ಬರೋಣ.

ಬೆನ್ಸನ್ ಸೇರುವ ಹೊತ್ತಿಗೆ ಡೊರೊತಿ, ಜಾನ್ ಕೂರ್ನೋಸ್ ಎಂಬ ಲೇಖಕನನ್ನು ಪ್ರೀತಿಸಿದ್ದಳು. ಆಕೆಗೆ ಮದುವೆ ಬೇಕಿತ್ತು, ಮಕ್ಕಳು ಬೇಕಿತ್ತು. ಅವನು ಮದುವೆಯಲ್ಲಿ ನಂಬಿಕೆ ಇಲ್ಲ, ಮಕ್ಕಳೂ ಬೇಡ ಅಂದ. ಸಂಬಂಧ ಮುರಿಯಿತು. ಆಮೇಲೆ ಅಮೆರಿಕಕ್ಕೆ ಹೋಗಿ ಬೇರೆಯವಳನ್ನು ಮದುವೆಯೇ ಆದ. ಅವಳೂ ಪತ್ತೇದಾರಿ ಕಥೆ ಬರೆಯುವವಳು ಅನ್ನೋದು ಗಾಯಕ್ಕೆ ಉಪ್ಪು.

ಆ ನೋವಿನ ದಿನಗಳಲ್ಲಿ ಪರಿಚಯವಾದವನು ಬಿಲ್ ವೈಟ್. ಕಾರು, ಮೋಟಾರ್‌ಸೈಕಲ್ ಹುಚ್ಚಿನವನು, ಸಾಹಿತ್ಯದ ಗಂಧ ಇಲ್ಲದ ಹಗುರ ಮನುಷ್ಯ. 1923ರಲ್ಲಿ ಡೊರೊತಿ ಬಸುರಿಯಾದಳು. ಆಗ ಗೊತ್ತಾಯಿತು, ಅವನಿಗೆ ಈಗಾಗಲೇ ಮದುವೆಯಾಗಿದೆ ಅಂತ.

ಪಾದ್ರಿಯ ಮಗಳು, ಮದುವೆಯಾಗದೆ ತಾಯಿ. 1920ರ ದಶಕದ ಇಂಗ್ಲೆಂಡಿನಲ್ಲಿ ಅದು ಹೊರಗೆ ಬಂದಿದ್ದರೆ ಕೆಲಸ ಹೋಗುತ್ತಿತ್ತು, ಅಪ್ಪ-ಅಮ್ಮ ತಲೆ ಎತ್ತಿ ಓಡಾಡುವಂತಿರಲಿಲ್ಲ. ನೆರವಿಗೆ ಬಂದವಳು ಯಾರು ಗೊತ್ತಾ? ಬಿಲ್ ವೈಟ್‌ನ ಹೆಂಡತಿಯೇ. ದಕ್ಷಿಣದ ಸಮುದ್ರತೀರದ ಬೋರ್ನ್‌ಮತ್ ಕಡೆ ಹೆರಿಗೆಗೆ ಸದ್ದಿಲ್ಲದೆ ವ್ಯವಸ್ಥೆ ಮಾಡಿಕೊಟ್ಟಳು. ಕಾದಂಬರಿಯಲ್ಲಿ ಬರೆದಿದ್ದರೆ "ಇದು ನಂಬೋ ಹಾಗಿಲ್ಲ" ಅಂತ ಸಂಪಾದಕರು ಹೊಡೆದುಹಾಕುತ್ತಿದ್ದರೇನೋ.

ಆಫೀಸಿಗೆ ಕೆಲವು ವಾರ ಹುಷಾರಿಲ್ಲ ಅಂತ ರಜೆ. 1924ರ ಜನವರಿ 3ರಂದು ಗಂಡು ಮಗು. ಹೆಸರು ಜಾನ್ ಆಂಟನಿ. ಡೊರೊತಿಯ ಸೋದರ ಸಂಬಂಧಿ ಐವಿ ಶ್ರಿಂಪ್ಟನ್ ಆಕ್ಸ್‌ಫರ್ಡ್ ಸೀಮೆಯಲ್ಲಿ ಅನಾಥ ಮಕ್ಕಳನ್ನು ಸಾಕುತ್ತಿದ್ದಳು. ಆಕೆಗೆ ಡೊರೊತಿ ಕಾಗದ ಬರೆದಳು. ನನಗೆ ಗೊತ್ತಿರುವ ಒಬ್ಬರ ಮಗು ಇದೆ, ನೋಡಿಕೊಳ್ಳೋಕೆ ಆಗುತ್ತಾ, ಎಷ್ಟು ದುಡ್ಡಾಗುತ್ತೆ ಅಂತ. ಐವಿ ಒಪ್ಪಿದ ಮೇಲೆ ಇನ್ನೊಂದು ಕಾಗದ: ಆ ಮಗು ನನ್ನದೇ.

ಮಗುವನ್ನು ಒಪ್ಪಿಸಿ, ಮತ್ತೆ ಆಫೀಸಿಗೆ ಬಂದು ಮೇಜಿನ ಮುಂದೆ ಕೂತಳು. ಪಕ್ಕದ ಮೇಜಿನವರಿಗೆ ಗೊತ್ತಾಗಲಿಲ್ಲ. ಅಪ್ಪ 1928ರಲ್ಲಿ ತೀರಿಕೊಂಡ, ಅಮ್ಮ 1929ರಲ್ಲಿ. ಮೊಮ್ಮಗ ಇದ್ದಾನೆ ಅನ್ನೋದು ಇಬ್ಬರಿಗೂ ತಿಳಿಯಲೇ ಇಲ್ಲ.

1926ರಲ್ಲಿ ಪತ್ರಕರ್ತ, ಮಾಜಿ ಸೈನಿಕ ಮ್ಯಾಕ್ ಫ್ಲೆಮಿಂಗ್ ಜೊತೆ ಮದುವೆಯಾಯಿತು. ಹುಡುಗನನ್ನು ಮನೆಗೆ ಕರೆದುಕೊಳ್ಳುವ ಮಾತಿತ್ತು, ಅವನಿಗೆ ಫ್ಲೆಮಿಂಗ್ ಅನ್ನುವ ಹೆಸರೂ ಬಂತು. ಆದರೆ ಮನೆಗೆ ಬರುವುದು ಆಗಲೇ ಇಲ್ಲ. ಮ್ಯಾಕ್‌ನ ಆರೋಗ್ಯ ಕೆಡುತ್ತಾ ಹೋಯಿತು, ಮನೆ ನಡೆಸುವ ಭಾರ ಆಕೆಯ ಮೇಲೇ ಬಿತ್ತು. ಚಿಕ್ಕಂದಿನಲ್ಲಿ ಹುಡುಗನ ಪಾಲಿಗೆ ಆಕೆ 'ಕಸಿನ್ ಡೊರೊತಿ'. ಶಾಲೆಯ ಫೀಸು ತಪ್ಪದೆ ಬರುತ್ತಿತ್ತು, ಕಾಗದ ಬರುತ್ತಿತ್ತು. ಅಮ್ಮ ಅನ್ನುವ ಮಾತು ಬರಲಿಲ್ಲ. ಲೋಕಕ್ಕೆ ಈ ವಿಷಯ ತಿಳಿದದ್ದು ಆಕೆ ಸತ್ತು ಹದಿನೆಂಟು ವರ್ಷದ ಮೇಲೆ, 1975ರಲ್ಲಿ ಬಂದ ಒಂದು ಜೀವನಚರಿತ್ರೆಯಿಂದ. ಆಸ್ತಿಯನ್ನೆಲ್ಲ ಉಯಿಲಿನಲ್ಲಿ ಬರೆದಿಟ್ಟಿದ್ದು ಆ ಮಗನಿಗೇ.

ಇಲ್ಲಿ ತೀರ್ಪು ಕೊಡೋದು ಸುಲಭ. ಪುಸ್ತಕ ಬರೆಯೋಕೆ ಟೈಮಿತ್ತು, ಮಗುವಿಗೆ ಇರಲಿಲ್ವಾ ಅಂತ ಒಬ್ಬರು ಕೇಳಬಹುದು. ಬಿಲ್ ವೈಟ್ ಏನು ಮಾಡುತ್ತಿದ್ದ, ಅವನನ್ನು ಯಾಕೆ ಯಾರೂ ಕೇಳಲ್ಲ ಅಂತ ಇನ್ನೊಬ್ಬರು ಕೇಳಬಹುದು. ನನಗೆ ಎರಡನೆಯ ಪ್ರಶ್ನೆಯೇ ದೊಡ್ಡದು ಅನಿಸುತ್ತೆ. ಆದರೂ ಆ ಹುಡುಗನ ಕಡೆಯಿಂದ ನೋಡಿದರೆ ಮೊದಲನೆಯದೂ ಸುಮ್ಮನಾಗಲ್ಲ. ಆಕೆಯ ದುಡಿಮೆಯೇ ಅವನ ಅನ್ನ, ಆಕೆಯ ಮೌನವೇ ಆ ದುಡಿಮೆಗೆ ಕಾವಲು. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಕಟಕಟೆಯಲ್ಲಿ ನಿಂತ ಹ್ಯಾರಿಯೆಟ್

ಬಾಯಿಬಿಟ್ಟು ಹೇಳಲಾಗದ್ದನ್ನು ಡೊರೊತಿ ಕಾದಂಬರಿಯೊಳಗೆ ಇಟ್ಟಳು. 1930ರ 'ಸ್ಟ್ರಾಂಗ್ ಪಾಯ್ಸನ್' ಶುರುವಾಗುವುದೇ ಕೋರ್ಟಿನಲ್ಲಿ. ಹ್ಯಾರಿಯೆಟ್ ವೇನ್ ಪತ್ತೇದಾರಿ ಕಾದಂಬರಿ ಬರೆಯುವ ಹೆಣ್ಣು. ಮದುವೆಯಾಗದೆ ಒಬ್ಬ ಲೇಖಕನ ಜೊತೆ ಸಂಸಾರ ಮಾಡಿದವಳು. ಮದುವೆ ಅನ್ನುವುದರಲ್ಲೇ ನಂಬಿಕೆ ಇಲ್ಲ ಅಂದವನು ಒಂದು ದಿನ ಸರಿ, ಮದುವೆಯಾಗೋಣ ಅಂತಾನೆ. ಹಾಗಾದ್ರೆ ಇಷ್ಟು ದಿನ ನನ್ನನ್ನು ಪರೀಕ್ಷೆ ಮಾಡುತ್ತಿದ್ಯಾ ಅಂತ ಹ್ಯಾರಿಯೆಟ್ ಎದ್ದುಹೋಗ್ತಾಳೆ. ಆಮೇಲೆ ಅವನು ಆರ್ಸೆನಿಕ್ ವಿಷದಿಂದ ಸಾಯ್ತಾನೆ, ಆಪಾದನೆ ಅವಳ ಮೇಲೆ. ಕೂರ್ನೋಸ್‌ಗೆ ಕಾಗದದ ಮೇಲೆ ಸಿಕ್ಕ ಶಿಕ್ಷೆ ಅದು ಅಂತ ನಗಬಹುದು. ಅವನೂ ಬಿಡಲಿಲ್ಲ, 1932ರಲ್ಲಿ ತನ್ನ ಕಡೆಯ ಕಥೆಯನ್ನು ಒಂದು ಕಾದಂಬರಿಯಲ್ಲಿ ಹಾಕಿದ.

ಆ ಕೋರ್ಟಿನಲ್ಲಿ ಎಲ್ಲರೂ ಹ್ಯಾರಿಯೆಟ್‌ಳ ನಡತೆ ನೋಡಿಯೇ ಕೊಲೆಗಾತಿ ಅಂತ ತೀರ್ಮಾನಿಸಿರ್ತಾರೆ. ಜ್ಯೂರಿಯಲ್ಲಿದ್ದ ಮಿಸ್ ಕ್ಲಿಂಪ್ಸನ್ ಎಂಬ ವಯಸ್ಸಾದ ಅವಿವಾಹಿತೆ ಮಾತ್ರ ಒಪ್ಪಲ್ಲ. ಈ ಮಿಸ್ ಕ್ಲಿಂಪ್ಸನ್ ಡೊರೊತಿಯ ಅತಿ ಜಾಣ ಸೃಷ್ಟಿ. ಯುದ್ಧದಲ್ಲಿ ಲಕ್ಷಗಟ್ಟಲೆ ಗಂಡಸರು ಸತ್ತು, 1921ರ ಜನಗಣತಿಯ ಹೊತ್ತಿಗೆ ಗಂಡಸರಿಗಿಂತ ಹೆಂಗಸರು ಸುಮಾರು 17 ಲಕ್ಷ ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು 'ಹೆಚ್ಚುವರಿ ಹೆಂಗಸರು' ಅಂತಲೇ ಕರೆದವು. ಲೋಕಕ್ಕೆ ಬೇಡವಾದ ಆ ಹೆಂಗಸರನ್ನೇ ಸೇರಿಸಿಕೊಂಡು ವಿಮ್ಸಿ ಒಂದು ಕಚೇರಿ ನಡೆಸ್ತಾನೆ. ಮಿಸ್ ಕ್ಲಿಂಪ್ಸನ್ ಅದರ ಮುಖ್ಯಸ್ಥೆ. ಹೆಣಿಗೆ ಹಿಡಿದು ಮೂಲೆಯಲ್ಲಿ ಕೂತ ಅತ್ತೆಯ ಮುಂದೆ ಯಾರೂ ಬಾಯಿಗೆ ಬೀಗ ಹಾಕಲ್ಲ. ಅದೇ ಅವರ ಶಕ್ತಿ.

ವಿಮ್ಸಿ ಹ್ಯಾರಿಯೆಟ್‌ಳನ್ನು ನೇಣಿನಿಂದ ಉಳಿಸ್ತಾನೆ, ಮದುವೆಯಾಗು ಅಂತಾನೆ. ನಮ್ಮ ಸಿನಿಮಾ ಆಗಿದ್ದರೆ ಅಲ್ಲಿಗೆ ಶುಭಂ. ಡೊರೊತಿಗೂ ಇಬ್ಬರಿಗೂ ಮದುವೆ ಮಾಡಿಸಿ ವಿಮ್ಸಿಯನ್ನು ಮುಗಿಸಿಬಿಡುವ ಯೋಚನೆ ಇತ್ತು. ಆದರೆ ಬರೆಯಲು ಕೂತಾಗ ಆಗಲಿಲ್ಲ. ಜೀವ ಉಳಿಸಿದವನಿಗೆ ಋಣ ತೀರಿಸೋಕೆ ಆಗುವ ಮದುವೆ ಮದುವೆಯಾ? ಹ್ಯಾರಿಯೆಟ್ ಒಲ್ಲೆ ಅಂದಳು. ಐದು ವರ್ಷ ಒಲ್ಲೆ ಅಂದಳು.

ಉತ್ತರ ಸಿಕ್ಕಿದ್ದು 1935ರ 'ಗಾಡಿ ನೈಟ್'ನಲ್ಲಿ. ಆಕ್ಸ್‌ಫರ್ಡ್‌ನ ಒಂದು ಕಾಲ್ಪನಿಕ ಮಹಿಳಾ ಕಾಲೇಜು. ಅಲ್ಲಿ ಯಾರೋ ಅಸಹ್ಯದ ಕಾಗದ ಬರೆಯುತ್ತಿದ್ದಾರೆ, ಪುಸ್ತಕ ಹಾಳುಮಾಡುತ್ತಿದ್ದಾರೆ. ಇಡೀ ಕಾದಂಬರಿಯಲ್ಲಿ ಒಂದು ಕೊಲೆಯೂ ಇಲ್ಲ. ಆದರೂ ಉಸಿರು ಬಿಗಿಹಿಡಿದು ಓದಿಸಿಕೊಳ್ಳುತ್ತೆ, ಯಾಕಂದ್ರೆ ಅದರ ಹೊಟ್ಟೆಯಲ್ಲಿರುವ ಪ್ರಶ್ನೆ ಅಂಥದ್ದು. ಒಬ್ಬ ವಿದ್ವಾಂಸ ತನ್ನ ವಾದಕ್ಕೆ ಅಡ್ಡಬರುವ ದಾಖಲೆಯನ್ನು ಮುಚ್ಚಿಟ್ಟ. ಇನ್ನೊಬ್ಬರು ಅದನ್ನು ಬಯಲು ಮಾಡಿದರು. ಅವನ ಬದುಕು ಹೋಯಿತು, ಹೆಂಡತಿ ಮಕ್ಕಳು ಬೀದಿಗೆ ಬಿದ್ದರು. ಬಯಲು ಮಾಡಿದ್ದು ಸರಿಯಾ? ಕೆಲಸದ ಪ್ರಾಮಾಣಿಕತೆ ದೊಡ್ಡದಾ, ಮನುಷ್ಯರಾ?

ಡೊರೊತಿ ಕೆಲಸದ ಪ್ರಾಮಾಣಿಕತೆಯ ಕಡೆಗೇ ವಾಲ್ತಾಳೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ಅಪರಾಧಿಯ ಬಾಯಿಂದಲೇ ಮುಖಕ್ಕೆ ರಾಚುವಂತೆ ಹೇಳಿಸ್ತಾಳೆ. ಕೊನೆಗೆ ವಿಮ್ಸಿ ಮತ್ತೆ ಮದುವೆಯ ಮಾತೆತ್ತೋದು ವಿಶ್ವವಿದ್ಯಾಲಯದ ಪದವಿ ಸಮಾರಂಭದ ಲ್ಯಾಟಿನ್ನಿನಲ್ಲಿ, ಒಬ್ಬ ವಿದ್ವಾಂಸ ಇನ್ನೊಬ್ಬ ವಿದ್ವಾಂಸಳನ್ನು ಕೇಳುವ ಹಾಗೆ. 1915ರಲ್ಲಿ ಪದವಿ ಸಿಗದೆ ಮನೆಗೆ ಹೋದ ಹುಡುಗಿ ಬರೆದ ಸಾಲು ಅಂತ ಗೊತ್ತಿದ್ದು ಓದಿದರೆ ಅದರ ತೂಕವೇ ಬೇರೆ.

ಎಂಟು ಗಂಟೆ, 40,320 ಸರದಿ

ಇಂಜಿನಿಯರಿಂಗ್ ಓದಿದವರಿಗೆ ನಾನು ಹೇಳೋದು 1934ರ 'ದಿ ನೈನ್ ಟೈಲರ್ಸ್'. ಇಂಗ್ಲೆಂಡಿನ ಚರ್ಚುಗಳಲ್ಲಿ ಗಂಟೆಗಳನ್ನು ರಾಗದಂತೆ ಬಾರಿಸಲ್ಲ, ಗಣಿತದಂತೆ ಬಾರಿಸ್ತಾರೆ. ಪ್ರತಿ ಸುತ್ತಿನಲ್ಲೂ ಎಲ್ಲ ಗಂಟೆ ಒಮ್ಮೊಮ್ಮೆ ಮೊಳಗಬೇಕು, ಆದರೆ ಒಮ್ಮೆ ಬಂದ ಸರದಿ ಮತ್ತೆ ಬರುವಂತಿಲ್ಲ. ಎಂಟು ಗಂಟೆಗಳಿದ್ದರೆ 40,320 ಸರದಿ ಸಾಧ್ಯ. ಕೈಯಲ್ಲಿ ಚೀಟಿ ಇಲ್ಲ, ಎಲ್ಲ ನೆನಪಿನ ಮೇಲೆ. ಕಥೆ ಶುರುವಾಗುವ ಹೊಸವರ್ಷದ ರಾತ್ರಿ ಫೆನ್ಸ್ ಸೀಮೆಯ ಒಂದು ಹಳ್ಳಿಯವರು ಒಂಬತ್ತು ಗಂಟೆ ಕಾಲ 15,840 ಸರದಿ ಬಾರಿಸಲು ನಿಂತಿರ್ತಾರೆ. ಒಬ್ಬ ಜ್ವರ ಬಂದು ಮಲಗ್ತಾನೆ. ಹಿಮದಲ್ಲಿ ಕಾರು ಸಿಕ್ಕಿಕೊಂಡು ಅಲ್ಲಿಗೆ ಬಂದ ವಿಮ್ಸಿ ಅವನ ಬದಲು ಹಗ್ಗ ಹಿಡೀತಾನೆ. ಆ ರಾತ್ರಿಯಲ್ಲೇ ಒಂದು ಸಾವಿನ ಉತ್ತರವೂ ಇದೆ.

ಡೊರೊತಿ ಈ ವಿದ್ಯೆ ಕಲಿತಿದ್ದು ಪುಸ್ತಕದಿಂದ. ಎಷ್ಟು ಹೊತ್ತು ಹಿಡಿಯಿತು ಅಂದರೆ, ಪ್ರಕಾಶಕರಿಗೆ ಕೊಟ್ಟ ಮಾತು ಉಳಿಸಿಕೊಳ್ಳೋಕೆ ನಡುವೆ ಬೇಗ ಬೇಗ ಇನ್ನೊಂದು ಕಾದಂಬರಿ ಬರೆದು ಕೊಡಬೇಕಾಯಿತು. ಹಾಗೆ ಗಡಿಬಿಡಿಯಲ್ಲಿ ಬರೆದದ್ದೇ ಆ 'ಮರ್ಡರ್ ಮಸ್ಟ್ ಅಡ್ವರ್ಟೈಸ್'.

ಎಲ್ಲವೂ ಚೆನ್ನ ಅಂತಲ್ಲ

ಡೊರೊತಿಯನ್ನು ಓದುವಾಗ ಮುಖ ಸಿಂಡರಿಸುವ ಜಾಗಗಳೂ ಬರುತ್ತವೆ. ಯಹೂದಿಗಳನ್ನು ಚಿತ್ರಿಸುವಾಗ ಆ ಕಾಲದ ಪೂರ್ವಗ್ರಹಗಳೆಲ್ಲ ಒಳಗೆ ನುಸುಳಿವೆ. ದೊಡ್ಡ ಮನೆತನದವರ ಬಗ್ಗೆ ಮೋಹ ಜಾಸ್ತಿ. ವಿಮ್ಸಿಗೆ ಬರದೇ ಇರುವ ವಿದ್ಯೆಯೇ ಇಲ್ಲ, ಕೆಲವೊಮ್ಮೆ ಸಾಕಪ್ಪ ಅನಿಸುತ್ತೆ. 1931ರ 'ಫೈವ್ ರೆಡ್ ಹೆರಿಂಗ್ಸ್' ಅಂತೂ ಸ್ಕಾಟ್ಲೆಂಡಿನ ರೈಲ್ವೆ ಟೈಮ್‌ಟೇಬಲ್ ಓದಿದ ಹಾಗಿದೆ. ಕ್ರಿಸ್ಟಿಯ ಓಟ ಆಕೆಗಿಲ್ಲ. ಸರಸರ ಪುಟ ತಿರುಗಿಸಬೇಕು ಅನ್ನುವವರಿಗೆ ಕ್ರಿಸ್ಟಿಯೇ ಸರಿ.

1937ರ ನಂತರ ಡೊರೊತಿ ಪತ್ತೇದಾರಿ ಕಾದಂಬರಿಯನ್ನೇ ಬಿಟ್ಟಳು. ಓದುಗರು ವಿಮ್ಸಿ ಬೇಕು ಅಂತಿದ್ದರೆ ಆಕೆ ಧಾರ್ಮಿಕ ನಾಟಕ ಬರೆದಳು, ಬಿಬಿಸಿ ರೇಡಿಯೋಗೆ ಏಸುವಿನ ಜೀವನ ಬರೆದು ಗದ್ದಲ ಎಬ್ಬಿಸಿದಳು. 1944ರಲ್ಲಿ ಲಂಡನ್ ಸೀಮೆಯ ಮೇಲೆ ಜರ್ಮನರ ಹಾರುಬಾಂಬು ಬೀಳುತ್ತಿದ್ದಾಗ, ಆಶ್ರಯತಾಣಕ್ಕೆ ಓಡುವಾಗ ಕೈಗೆ ಸಿಕ್ಕಿದ್ದು ಡಾಂಟೆಯ ಮಹಾಕಾವ್ಯ. ಐವತ್ತು ದಾಟಿದವಳು ಇಟಾಲಿಯನ್ ಕಲಿತು ಅದನ್ನು ಇಂಗ್ಲಿಷಿಗೆ ತರೋಕೆ ಕೂತಳು. ನರಕಕಾಂಡ 1949ರಲ್ಲಿ ಬಂತು, ಎರಡನೆಯದು 1955ರಲ್ಲಿ. ಮೂರನೆಯದರ ನಡುವೆ, 1957ರ ಡಿಸೆಂಬರ್ 17ರಂದು ಎಸೆಕ್ಸ್‌ನ ವಿಟಮ್ ಊರಿನ ಮನೆಯಲ್ಲಿ ತೀರಿಕೊಂಡಳು. ಉಳಿದ ಭಾಗವನ್ನು ಗೆಳತಿ ಬಾರ್ಬರಾ ರೆನಾಲ್ಡ್ಸ್ ಮುಗಿಸಿದಳು.

ಯಾವುದರಿಂದ ಶುರು ಮಾಡಲಿ ಅಂತ ಕೇಳೋರಿಗೆ: ಆಫೀಸಿಗೆ ಹೋಗುವವರು 'ಮರ್ಡರ್ ಮಸ್ಟ್ ಅಡ್ವರ್ಟೈಸ್'. ಪ್ರೇಮ ಬೇಕು ಅನ್ನುವವರು 'ಸ್ಟ್ರಾಂಗ್ ಪಾಯ್ಸನ್', ಅದಾದ ಮೇಲೆ 'ಗಾಡಿ ನೈಟ್'. ಮಳೆಗಾಲದ ರಾತ್ರಿಗೆ 'ನೈನ್ ಟೈಲರ್ಸ್'. 'ಹೂಸ್ ಬಾಡಿ?' ಆಮೇಲೆ ಓದಿದರೂ ನಷ್ಟ ಇಲ್ಲ.

ಇನ್ನೊಂದು ಮಾತು. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ ಕಾಪಿರೈಟ್ ಇರೋದು 60 ವರ್ಷ. ಹಾಗಾಗಿ ಡೊರೊತಿ ಬದುಕಿದ್ದಾಗ ಅಚ್ಚಾದ ಈ ಕಾದಂಬರಿಗಳೆಲ್ಲ 2018ರ ಜನವರಿಯಿಂದ ನಮ್ಮಲ್ಲಿ ಮುಕ್ತ. ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮೆರೆಸಿದ ಭಾಷೆ ನಮ್ಮದು. ಈ ಓದುಗರಲ್ಲಿ ಹಗಲು ಕೋಡ್ ಬರೆದು ರಾತ್ರಿ ಕಥೆ ಬರೆಯುವವರು ಇದ್ದೇ ಇದ್ದೀರಿ. ಮಿಸ್ ಕ್ಲಿಂಪ್ಸನ್ ಕನ್ನಡದಲ್ಲಿ ಹೇಗೆ ಮಾತಾಡಬಹುದು ಅಂತ ಒಂದು ಪುಟ ಬರೆದು ನೋಡಿ.